ಮಣ್ಣಲ್ಲಿ ಸಿಕ್ಕ ತುಂಡು ಯಾವ ವಿಮಾನದ್ದು?

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಎಷ್ಟೋ ಏರ್‌ಫೀಲ್ಡ್‌ಗಳಲ್ಲಿ ಬೇಡವಾದ ವಿಮಾನದ ಭಾಗಗಳನ್ನು ಗುಂಡಿ ತೋಡಿ ಹೂತುಬಿಟ್ಟರು. ಇವತ್ತು ಅಲ್ಲಿ ಅಗೆದಾಗ ಸೊಟ್ಟಗಾದ ಒಂದು ಅಲ್ಯೂಮಿನಿಯಂ ತುಂಡು ಸಿಕ್ಕರೆ, ಅದು ಯಾವ ವಿಮಾನದ್ದು ಅಂತ ಹೇಗೆ ಹೇಳೋದು? ಸ್ಪಿಟ್‌ಫೈರ್ ಉದಾಹರಣೆ ತಗೊಂಡು ನೋಡೋಣ.

ಬರೀ ಆಕಾರ ನಂಬಿದರೆ ಮೋಸ ಹೋಗ್ತೀವಿ. ಮೊದಲು ಮಣ್ಣು ತೊಳೆದು ನಂಬರ್ ಹುಡುಕಬೇಕು. ಸ್ಪಿಟ್‌ಫೈರ್ ಭಾಗಗಳ ನಂಬರ್ ಸಾಮಾನ್ಯವಾಗಿ ಸೂಪರ್‌ಮರೀನ್ ಕಂಪನಿಯ ಟೈಪ್ ಸಂಖ್ಯೆಯಿಂದ ಶುರುವಾಗುತ್ತದೆ: ಮಾರ್ಕ್ 1ಕ್ಕೆ 300, ಮಾರ್ಕ್ 5ಕ್ಕೆ 349, ಮಾರ್ಕ್ 9ಕ್ಕೆ 361.

ಹಾಗಾದರೆ 300 ಕಂಡ ತಕ್ಷಣ ಮಾರ್ಕ್ 1 ಅಂತ ಬರೆದುಬಿಡಬಹುದಾ? ಆಗಲ್ಲ. ಆ ನಂಬರ್ ಹೇಳೋದು ಡ್ರಾಯಿಂಗ್ ಮೊದಲು ಯಾವ ಮಾದರಿಗೆ ಆಗಿದ್ದು ಅಂತ ಮಾತ್ರ. ಬದಲಾಯಿಸುವ ಅಗತ್ಯವಿಲ್ಲದ ಭಾಗ ಅದೇ ನಂಬರ್‌ನಲ್ಲಿ ಮಾರ್ಕ್ 9ಕ್ಕೂ ಹೋಯಿತು. ಒಂದೇ ವಿಮಾನದ ತುಂಡುಗಳಲ್ಲಿ ಹತ್ತು 300ರ ನಡುವೆ ಒಂದು 361 ಇದ್ದರೆ, ನಮ್ಮ ಉತ್ತರ ಇರೋದು ಆ ಒಂದರಲ್ಲಿ. ಆದರೆ ಗುಂಡಿಯಲ್ಲಿ ಹಲವು ವಿಮಾನಗಳು ಬೆರೆತಿರಬಹುದು. ಅದಕ್ಕೇ ಪ್ರತಿ ತುಂಡು ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಅಂತ ಬರೆದಿಡಬೇಕು.

ಒಂದು ಎಚ್ಚರಿಕೆ: ಮೀಟರ್ ಡಯಲ್ ಸಿಕ್ಕರೆ ಉಜ್ಜಲೇಬಾರದು. ಕತ್ತಲಲ್ಲಿ ಕಾಣಲಿ ಅಂತ ಆಗ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಹೊಳಪು ಹೋಗಿದ್ದರೂ ವಿಕಿರಣ ಹೋಗಿರಲ್ಲ. ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1600 ವರ್ಷ.

ಡ್ರಾಯಿಂಗ್ ಕ್ಲಾಸಲ್ಲಿ ನಾವು ಬೇಜಾರಿಂದ ತುಂಬುವ ಟೈಟಲ್ ಬ್ಲಾಕ್ ಇದೆಯಲ್ಲ, ಅದರಲ್ಲಿರುವ ಡ್ರಾಯಿಂಗ್ ನಂಬರ್‌ಗೆ ಇಷ್ಟು ಬೆಲೆ ಇದೆ!