ವೀರಗಲ್ಲಿನಿಂದ ‘ಚಿರಸ್ಮರಣೆ’ಗೆ: ಕಯ್ಯೂರಿನ ಹುತಾತ್ಮರು ಮತ್ತು ಕನ್ನಡದ ಸ್ಮರಣ ಪರಂಪರೆ

ಪ್ರಸ್ತಾವನೆ

ಮಡಿದವರನ್ನು ನೆನೆಯುವುದು ಎಲ್ಲ ಸಮುದಾಯಗಳಲ್ಲಿಯೂ ಕಂಡುಬರುವ ಸಾಂಸ್ಕೃತಿಕ ಕ್ರಿಯೆ. ಆದರೆ ಯಾರನ್ನು ನೆನೆಯಬೇಕು, ಯಾವ ಕಾರಣಕ್ಕಾಗಿ ನೆನೆಯಬೇಕು, ನೆನಪನ್ನು ಕಾಯುವ ಹೊಣೆ ಯಾರದು ಎಂಬ ಪ್ರಶ್ನೆಗಳು ಎದುರಾದೊಡನೆ ಈ ಕ್ರಿಯೆ ಸರಳವಾಗಿ ಉಳಿಯುವುದಿಲ್ಲ. ಪ್ರಭುತ್ವದ ಪರವಾಗಿ ಹೋರಾಡಿ ಮಡಿದವರನ್ನು ಪ್ರಭುತ್ವವೇ ನೆನೆಯುತ್ತದೆ. ಪ್ರಭುತ್ವದ ವಿರುದ್ಧ, ಭೂಮಾಲೀಕರ ವಿರುದ್ಧ ನಿಂತು ಗಲ್ಲಿಗೇರಿದ ರೈತ ಕಾರ್ಮಿಕ ನಾಯಕರನ್ನು ಯಾರು ನೆನೆಯಬೇಕು? ಹೇಗೆ ನೆನೆಯಬೇಕು? 1941ರಲ್ಲಿ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕಯ್ಯೂರಿನಲ್ಲಿ ನಡೆದ ರೈತ ಹೋರಾಟ, ಅದರ ಹುತಾತ್ಮರು ಹಾಗೂ ಆ ಹೋರಾಟವನ್ನು ಕುರಿತು ನಿರಂಜನರು 1955ರಲ್ಲಿ ಪ್ರಕಟಿಸಿದ ‘ಚಿರಸ್ಮರಣೆ’ ಕಾದಂಬರಿ – ಇವುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ‘ಚಿರಸ್ಮರಣೆ’ಯನ್ನು ಸಾಮಾನ್ಯವಾಗಿ ಪ್ರಗತಿಶೀಲ ಪಂಥದ ಪ್ರಾತಿನಿಧಿಕ ಕೃತಿಯೆಂದು ಓದಲಾಗಿದೆ. ಅದನ್ನು ಕನ್ನಡದ ದೀರ್ಘವಾದ ಸ್ಮರಣ ಪರಂಪರೆಯ ಒಂದು ತಿರುವಾಗಿಯೂ ಓದಲು ಸಾಧ್ಯವಿದೆ ಎಂಬುದು ಇಲ್ಲಿನ ಮುಖ್ಯ ವಾದ.

1. ವೀರಗಲ್ಲು ಮತ್ತು ಕೊಡಗೆ

ಕನ್ನಡ ನಾಡಿನಲ್ಲಿ ಮಡಿದವರ ನೆನಪಿನ ಅತ್ಯಂತ ವ್ಯಾಪಕವಾದ ರೂಪ ವೀರಗಲ್ಲು. ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಮುಂತಾದ ಸಂದರ್ಭಗಳಲ್ಲಿ ಹೋರಾಡಿ ಸತ್ತ ಸಾಮಾನ್ಯರನ್ನೂ ಈ ಕಲ್ಲುಗಳು ಹೆಸರಿಸುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲಿನದರಲ್ಲಿ ದೇವಸನ್ನಿಧಿ ಎಂಬುದು ಇವುಗಳಲ್ಲಿ ಪದೇ ಪದೇ ಕಾಣಸಿಗುವ ವಿನ್ಯಾಸ. ಚರಿತ್ರೆಯಲ್ಲಿ ಆರಂಭವಾದ ಸಾವು ಪುರಾಣದಲ್ಲಿ ಕೊನೆಗೊಳ್ಳುವ ಕ್ರಮವಿದು. ಕ್ರಿ.ಶ. 949-50ರ ಆತಕೂರಿನ ಶಾಸನವು ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೂ ಕಲ್ಲು ನಿಂತದ್ದನ್ನು ತಿಳಿಸುತ್ತದೆ. ಮಡಿದವರ ಹೆಸರನ್ನು ಉಳಿಸುವ ವಿಷಯದಲ್ಲಿ ಈ ಪರಂಪರೆ ಎಷ್ಟು ಉದಾರವಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಲ್ಲಿ ಹೆಚ್ಚಿನ ಗಮನಕ್ಕೆ ಅರ್ಹವಾದುದು ಕಲ್ಲಿನ ಜೊತೆಗೆ ನೀಡುತ್ತಿದ್ದ ದತ್ತಿ. ಬಾಳ್ಗಳ್ಚು, ಕಲ್ನಾಡು, ನೆತ್ತರುಗೊಡಗೆ ಮುಂತಾದ ಹೆಸರುಗಳಲ್ಲಿ ಭೂಮಿಯನ್ನು ಬಿಡುತ್ತಿದ್ದ ಪದ್ಧತಿಯನ್ನು ಶಾಸನಗಳು ದಾಖಲಿಸುತ್ತವೆ. ನೆನಪು ಕೇವಲ ಭಾವನೆಯಾಗಿರಲಿಲ್ಲ. ಅದಕ್ಕೊಂದು ಭೌತಿಕ ಋಣವಿತ್ತು. ಸತ್ತವನ ಹೆಸರು ಕಲ್ಲಿನಲ್ಲಿ ನಿಂತರೆ, ಉಳಿದವರ ಬದುಕು ನೆಲದಲ್ಲಿ ನಿಲ್ಲಬೇಕಿತ್ತು. ಆದರೆ ಈ ವ್ಯವಸ್ಥೆಗೆ ಒಂದು ಮಿತಿಯಿತ್ತು. ಕೊಡಗೆ ಕೊಡುವವನು ಒಡೆಯನಾದ್ದರಿಂದ ಒಡೆಯನಿಗಾಗಿಯೋ ಒಡೆಯನ ಸಮ್ಮತಿಯೊಳಗೋ ಸತ್ತವನಿಗೆ ಮಾತ್ರ ಅದು ದೊರೆಯುತ್ತಿತ್ತು. ಒಡೆಯನ ನೆಲವನ್ನೇ ಪ್ರಶ್ನಿಸಿ ಸತ್ತವನಿಗೆ ಈ ವ್ಯವಸ್ಥೆಯಲ್ಲಿ ಸ್ಥಾನವಿರಲಿಲ್ಲ. ಆಧುನಿಕ ಕಾಲದ ಹುತಾತ್ಮರು ಈ ಮಾದರಿಗೆ ಒಡ್ಡುವ ಸವಾಲು ಇದೇ ಆಗಿದೆ.

2. ಕಯ್ಯೂರಿನ ಘಟನೆ

ಕಯ್ಯೂರು ಇಂದು ಕೇರಳದ ಕಾಸರಗೋಡು ಜಿಲ್ಲೆಗೆ ಸೇರಿದ ಹಳ್ಳಿ. ಕಾರ್ಯಂಗೋಡು ನದಿ ಎಂದೂ ತೇಜಸ್ವಿನಿ ಎಂದೂ ಕರೆಯಲಾಗುವ ಹೊಳೆಯ ದಡದಲ್ಲಿದೆ. 1930ರ ದಶಕದ ಉತ್ತರಾರ್ಧದಲ್ಲಿ ಉತ್ತರ ಮಲಬಾರಿನಲ್ಲಿಯೂ ಅದಕ್ಕೆ ಹೊಂದಿಕೊಂಡ ಕಾಸರಗೋಡಿನ ದಕ್ಷಿಣ ಭಾಗದಲ್ಲಿಯೂ ಕರ್ಷಕ ಸಂಘ ಬಲವಾಗಿ ಬೆಳೆಯಿತು. ಗೇಣಿಯ ಮೇಲೆ ಹೇರಲಾಗುತ್ತಿದ್ದ ಅಧಿಕ ವಸೂಲಿಗಳನ್ನು ನಿಲ್ಲಿಸಬೇಕು, ಒಕ್ಕಲೆಬ್ಬಿಸುವುದನ್ನು ತಡೆಯಬೇಕು ಎಂಬುವು ಅದರ ಬೇಡಿಕೆಗಳಾಗಿದ್ದವು. 1941ರ ಮಾರ್ಚ್ ಕೊನೆಯಲ್ಲಿ ಪೊಲೀಸರು ಹಳ್ಳಿಗೆ ನುಗ್ಗಿ ರೈತರನ್ನು ಬಂಧಿಸಿ ಹಿಂಸಿಸಿದರು. ಇದನ್ನು ಪ್ರತಿಭಟಿಸಿ ಮಾರ್ಚ್ 28ರಂದು ಹೊರಟ ಮೆರವಣಿಗೆಗೆ ಸುಬ್ಬರಾಯ ಎಂಬ ಪೊಲೀಸ್ ಪೇದೆ ಎದುರಾದ. ಪ್ರಚಲಿತ ನಿರೂಪಣೆಯಂತೆ, ಮೆರವಣಿಗೆಯವರು ಆತನ ಕೈಗೆ ಕೆಂಬಾವುಟ ಕೊಟ್ಟು ತಮ್ಮ ಮುಂದೆ ನಡೆಸಿದರು. ತಪ್ಪಿಸಿಕೊಳ್ಳಲು ಹೊಳೆಗೆ ಹಾರಿದ ಆತ ಕಲ್ಲೆಸೆತದ ನಡುವೆ ಮುಳುಗಿ ಸತ್ತ.

ಕಯ್ಯೂರು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದುದರಿಂದ ಮೊಕದ್ದಮೆಯ ವಿಚಾರಣೆ ನಡೆದದ್ದು ಮಂಗಳೂರಿನಲ್ಲಿ. ಮುಂದೆ ಕೇರಳದ ಮುಖ್ಯಮಂತ್ರಿಯಾದ ಇ.ಕೆ. ನಾಯನಾರ್ ಅವರೂ ಆರೋಪಿಗಳಲ್ಲಿ ಒಬ್ಬರಾಗಿದ್ದು ಭೂಗತರಾಗಿದ್ದರು. ಐವರಿಗೆ ಮರಣದಂಡನೆಯಾಯಿತು. ಚೂರಿಕ್ಕಾಡನ್ ಕೃಷ್ಣನ್ ನಾಯರ್ ಅವರಿಗೆ ಇನ್ನೂ ಪ್ರಾಯ ತುಂಬಿರಲಿಲ್ಲವಾದ್ದರಿಂದ ಅವರು ಗಲ್ಲಿನಿಂದ ಪಾರಾದರು. ಮಠತ್ತಿಲ್ ಅಪ್ಪು, ಕೋಯಿತಾಟಿಲ್ ಚಿರುಕಂಡನ್, ಪೊಡೋರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕರ್ – ಈ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಕೇಂದ್ರ ಕಾರಾಗೃಹದಲ್ಲಿ ಗಲ್ಲಿಗೇರಿಸಲಾಯಿತು. ಅದಕ್ಕೆ ಮುನ್ನ ಕಮ್ಯುನಿಸ್ಟ್ ಪಕ್ಷದ ಅಂದಿನ ಪ್ರಧಾನ ಕಾರ್ಯದರ್ಶಿ ಪಿ.ಸಿ. ಜೋಶಿಯವರು ಸೆರೆಮನೆಯಲ್ಲಿ ಅವರನ್ನು ಕಂಡು ಬಂದು ಬರೆದರು. ಹೀಗೆ ಸಾವಿಗೆ ಮೊದಲೇ ಅವರ ಸ್ಮರಣೆ ಆರಂಭವಾಗಿತ್ತು ಎನ್ನಬಹುದು.

3. ಒಂದೇ ತಿಂಗಳು, ಎರಡು ನೆನಪುಗಳು

ಅದೇ 1943ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನ ಐವರನ್ನು ಗಲ್ಲಿಗೇರಿಸಲಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ ಮತ್ತು ಶಂಕರಪ್ಪ ಅವರ ಹೆಸರುಗಳು ಕನ್ನಡಿಗರಿಗೆ ಪರಿಚಿತ. 1942ರ ಚಲೇಜಾವ್ ಚಳವಳಿಯ ಸಂದರ್ಭದಲ್ಲಿ ಈಸೂರು ತನ್ನನ್ನು ಸ್ವತಂತ್ರವೆಂದು ಘೋಷಿಸಿಕೊಂಡಿತು. ಸೆಪ್ಟೆಂಬರ್ ಕೊನೆಯಲ್ಲಿ ನಡೆದ ಘರ್ಷಣೆಯಲ್ಲಿ ಅಮಲ್ದಾರ ಮತ್ತು ಪೊಲೀಸ್ ಅಧಿಕಾರಿ ಸಾವಿಗೀಡಾದರು. ಮುಂದೆ ಶಿಕ್ಷೆಗೊಳಗಾದವರಲ್ಲಿ ಹೆಂಗಸರೂ ಇದ್ದರು.

ಎರಡು ಪ್ರಕರಣಗಳ ರಚನೆ ಬಹುಮಟ್ಟಿಗೆ ಒಂದೇ. ಹಳ್ಳಿಯೊಂದು ಎದ್ದು ನಿಲ್ಲುತ್ತದೆ, ಪ್ರಭುತ್ವದ ಕೆಳಹಂತದ ಪ್ರತಿನಿಧಿಗಳು ಸಾಯುತ್ತಾರೆ, ಹಳ್ಳಿಗರು ಗಲ್ಲಿಗೇರುತ್ತಾರೆ. ಆದರೆ ಅವುಗಳ ನೆನಪಿನ ಹಾದಿಗಳು ಬೇರೆಯಾದವು. ಈಸೂರಿನ ನೆನಪು ಲಾವಣಿಗಳಲ್ಲಿ, ಹಳ್ಳಿಯ ಸ್ಮಾರಕದಲ್ಲಿ, ರಾಷ್ಟ್ರೀಯ ಚಳವಳಿಯ ಚರಿತ್ರೆಯಲ್ಲಿ ನೆಲೆ ಕಂಡುಕೊಂಡಿತು. ಕಯ್ಯೂರಿಗೆ ಅಷ್ಟು ಸುಲಭವಾದ ನೆಲೆಯಿರಲಿಲ್ಲ. ಅದು ವಸಾಹತುಶಾಹಿಯ ವಿರುದ್ಧದ ಹೋರಾಟವಾಗಿದ್ದಂತೆ ಸ್ಥಳೀಯ ಜಮೀನ್ದಾರಿಯ ವಿರುದ್ಧದ ಹೋರಾಟವೂ ಆಗಿತ್ತು. ಅದರ ಹುತಾತ್ಮರ ಪಕ್ಷವು 1942ರಲ್ಲಿ ನಿಷೇಧದಿಂದ ಬಿಡುಗಡೆ ಪಡೆದು ಯುದ್ಧಕಾಲದಲ್ಲಿ ಚಲೇಜಾವ್ ಚಳವಳಿಯಿಂದ ದೂರ ನಿಂತಿತ್ತು. ಹೀಗಾಗಿ ‘ಸ್ವಾತಂತ್ರ್ಯ ಹೋರಾಟಗಾರ’ ಎಂಬ ಪರಿಭಾಷೆಯ ಒಳಗೆ ಕಯ್ಯೂರನ್ನು ಸೇರಿಸುವುದೇ ವಾದವಿವಾದದ ವಿಷಯವಾಯಿತು. ಯಾರು ಹುತಾತ್ಮರು ಎಂಬುದನ್ನು ಪಟ್ಟಿಗಳು ನಿರ್ಧರಿಸುವ ಕ್ರಮ ಈಗಲೂ ಮುಗಿದಿಲ್ಲ. 1921ರ ಮಲಬಾರ್ ದಂಗೆಯಲ್ಲಿ ಮಡಿದವರ ಹೆಸರುಗಳನ್ನು ಹುತಾತ್ಮರ ಕೋಶದಿಂದ ಕೈಬಿಡಬೇಕೆಂಬ ಸೂಚನೆಯ ಸುತ್ತ 2021ರಲ್ಲಿ ಎದ್ದ ಚರ್ಚೆ ಇದಕ್ಕೆ ಸಾಕ್ಷಿ. ಪಟ್ಟಿಯಲ್ಲಿ ಬರೆದ ಹೆಸರನ್ನು ಅಳಿಸಲೂ ಬಹುದು. ಆದ್ದರಿಂದ ಸ್ಮರಣೆಗೆ ಪಟ್ಟಿಗಿಂತ ಗಟ್ಟಿಯಾದ ಆಧಾರ ಬೇಕಾಗುತ್ತದೆ.

4. ನೆಲ ಬೇರೆಯಾದ ಮೇಲೆ ಉಳಿದ ಕೃತಿ

ಕುಳಕುಂದ ಶಿವರಾಯ, ಅಂದರೆ ನಿರಂಜನರು (1924-1992), ವಿದ್ಯಾರ್ಥಿದೆಸೆಯಲ್ಲಿ ನೀಲೇಶ್ವರದಲ್ಲಿದ್ದವರು. ಕಯ್ಯೂರು ಅವರಿಗೆ ವರದಿಗಳಿಂದ ತಿಳಿದ ಊರಾಗಿರಲಿಲ್ಲ, ನೆರೆಯ ಊರಾಗಿತ್ತು. ಘಟನೆ ನಡೆದಾಗ ಅವರಿಗೆ ಹದಿನೇಳು ತುಂಬಿರಲಿಲ್ಲ. ‘ಚಿರಸ್ಮರಣೆ’ ಪ್ರಕಟವಾದ ಮರುವರ್ಷವೇ, 1956ರ ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆಯಿಂದ ಕಾಸರಗೋಡು ಕೇರಳಕ್ಕೆ ಸೇರಿತು. ಕಯ್ಯೂರು ಮಲಯಾಳಂ ಮಾತಿನ ಊರು. ಚಂದ್ರಗಿರಿ ಹೊಳೆಯ ದಕ್ಷಿಣಕ್ಕಿರುವ ಅದು, ಮಹಾಜನ ಆಯೋಗವು ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿದ ಭಾಗದಲ್ಲಿಯೂ ಇಲ್ಲ. ಅಂದರೆ ಕನ್ನಡವು ನೆಲದ ಹಕ್ಕನ್ನು ಹೇಳಿಕೊಳ್ಳದ ಒಂದು ಊರಿನ ಹುತಾತ್ಮರ ನೆನಪನ್ನು ಕನ್ನಡದ ಕಾದಂಬರಿಯೊಂದು ಹೊತ್ತಿದೆ. ಅದು ಅನುವಾದದ ಮೂಲಕ ಮಲಯಾಳಂ ಓದುಗರನ್ನು ತಲುಪಿ ಅಲ್ಲಿ ಜನಪ್ರಿಯವಾಯಿತು. ಒಂದು ಜನಸಮುದಾಯದ ಹುತಾತ್ಮರ ಕಥೆ ನೆರೆಯ ಭಾಷೆಯಲ್ಲಿ ರೂಪುಗೊಂಡು ಮರಳಿ ತನ್ನ ಜನರಿಗೆ ದೊರೆತ ಈ ಕ್ರಮ ಭಾರತೀಯ ಸಾಹಿತ್ಯದಲ್ಲಿ ವಿರಳ. ವರ್ಗದ ನೆಲೆಯಲ್ಲಿ ಕಟ್ಟಿಕೊಂಡ ನೆನಪು ಭಾಷೆಯ ಗಡಿಯನ್ನು ದಾಟಬಲ್ಲುದು ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಕಾದಂಬರಿಯ ಸ್ಮರಣ ವಿಧಾನದಲ್ಲಿ ಎರಡು ಅಂಶಗಳು ಮುಖ್ಯ. ಮೊದಲನೆಯದು, ಅಪ್ಪು, ಚಿರುಕಂಡ ಮೊದಲಾದ ನಿಜದ ಹೆಸರುಗಳನ್ನು ಕೃತಿಯೂ ಉಳಿಸಿಕೊಂಡಿರುವುದು. ಕಾದಂಬರಿ ಪ್ರಕಾರಕ್ಕೆ ಪಾತ್ರದ ಹೆಸರನ್ನು ಬದಲಿಸುವ ಸ್ವಾತಂತ್ರ್ಯವಿದೆ. ನಿರಂಜನರು ಆ ಸ್ವಾತಂತ್ರ್ಯವನ್ನು ಇಲ್ಲಿ ಬಿಟ್ಟುಕೊಟ್ಟಿದ್ದಾರೆ. ಹೆಸರನ್ನು ಉಳಿಸುವುದು ವೀರಗಲ್ಲಿನ ಮೊದಲ ಕರ್ತವ್ಯವೂ ಹೌದು. ಎರಡನೆಯದು, ವೀರಗಲ್ಲಿನ ವಿನ್ಯಾಸವನ್ನು ಕೃತಿ ತಲೆಕೆಳಗಾಗಿಸಿರುವುದು. ವೀರಗಲ್ಲು ಸಾವಿನ ಕ್ಷಣದಿಂದ ಮೇಲಕ್ಕೆ, ಸ್ವರ್ಗದೆಡೆಗೆ ಚಲಿಸುತ್ತದೆ. ‘ಚಿರಸ್ಮರಣೆ’ ಸಾವಿನಿಂದ ಹಿಂದಕ್ಕೆ, ಹುಡುಗರು ಕಲಿತ ಬಗೆಯೆಡೆಗೆ ಚಲಿಸುತ್ತದೆ. ಅಪ್ಪು ಮತ್ತು ಚಿರುಕಂಡ ಹುಟ್ಟುವೀರರಲ್ಲ. ಮಾಸ್ತರರ ಒಡನಾಟದಲ್ಲಿ ತಮ್ಮ ಸುತ್ತಲಿನ ಲೋಕವನ್ನು ಪ್ರಶ್ನಿಸಲು ಕಲಿತ ಬಡವರ ಮಕ್ಕಳು. ಗಲ್ಲು ಕಥೆಯ ಕೊನೆ. ಕಲಿಕೆ ಅದರ ಒಡಲು. ನಾಯಕರು ಹೇಗೆ ಸತ್ತರು ಎಂಬುದಕ್ಕಿಂತ ಸಾಮಾನ್ಯರು ಹೇಗೆ ನಾಯಕರಾದರು ಎಂಬ ಪ್ರಶ್ನೆಯೇ ಕೃತಿಗೆ ಮುಖ್ಯ. ಹುತಾತ್ಮರನ್ನು ಅನುಕರಿಸಲಾಗದ ಎತ್ತರದಲ್ಲಿ ನಿಲ್ಲಿಸುವ ಸ್ಮಾರಕಗಳಿಗಿಂತ ಈ ಕೃತಿ ಭಿನ್ನವಾಗುವುದು ಇಲ್ಲಿಯೇ.

5. ಸ್ಮರಣೆಯ ಅಂಚಿನಲ್ಲಿರುವವರು

ಗೌರವಿಸುವ ಕ್ರಿಯೆ ಸದಾ ಆಯ್ಕೆಯ ಕ್ರಿಯೆಯೂ ಆಗಿರುತ್ತದೆ. ಕಯ್ಯೂರಿನ ಸಂದರ್ಭದಲ್ಲಿ ಈ ಆಯ್ಕೆಯ ಅಂಚಿನಲ್ಲಿ ಇಬ್ಬರು ನಿಂತಿದ್ದಾರೆ. ಒಬ್ಬರು ಕೃಷ್ಣನ್ ನಾಯರ್. ‘ಕಯ್ಯೂರಿನ ನಾಲ್ವರು’ ಎಂಬ ನುಡಿಗಟ್ಟು ನೆಲೆಗೊಂಡಂತೆ ಐದನೆಯವರು ಕಥೆಯ ಅಡಿಟಿಪ್ಪಣಿಯಾಗುತ್ತಾರೆ. ಅವರ ಪಾಲಿಗೆ ಬಂದದ್ದು ಸಾವಲ್ಲ, ಬದುಕು. ಹೋರಾಟದಲ್ಲಿ ಪಾಲು ಒಂದೇ ಆಗಿದ್ದರೂ ಸ್ಮರಣೆಯಲ್ಲಿ ಪಾಲು ಒಂದಾಗುವುದಿಲ್ಲ. ಈಸೂರಿನಲ್ಲಿ ಶಿಕ್ಷೆ ಅನುಭವಿಸಿದ ಹೆಂಗಸರ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬಹುದು.

ಇನ್ನೊಬ್ಬ ಪೇದೆ ಸುಬ್ಬರಾಯ. ಹುತಾತ್ಮ ಸಂಕಥನದಲ್ಲಿ ಆತ ದಬ್ಬಾಳಿಕೆಯ ಕೈ ಮಾತ್ರ. ಪ್ರಭುತ್ವದ ದಾಖಲೆಯಲ್ಲಿ ಆತ ಮೊಕದ್ದಮೆಯ ಆಧಾರ ಮಾತ್ರ. ಸಂಬಳಕ್ಕಾಗಿ ದುಡಿಯುವ, ಮೇಲಿನವರ ಆಜ್ಞೆಯಂತೆ ನಡೆಯುವ ಕೆಳಹಂತದ ನೌಕರನೊಬ್ಬನ ಸಾವನ್ನು ದುಡಿಯುವ ವರ್ಗದ ಸ್ಮರಣೆ ಹೇಗೆ ಎದುರಿಸಬೇಕು? ಆತನನ್ನು ಹುತಾತ್ಮರ ಸಾಲಿಗೆ ಸೇರಿಸಬೇಕೆಂದು ಇದರ ಅರ್ಥವಲ್ಲ. ಹಿಂದಿನ ದಿನಗಳ ಪೊಲೀಸ್ ಹಿಂಸೆಯನ್ನು ಮರೆಯಬೇಕೆಂದೂ ಅಲ್ಲ. ಆದರೆ ಆತನ ಸಾವನ್ನು ಒಂದು ಸಾವೆಂದು ಹೇಳದೆ ಹೋದರೆ ನಾಲ್ವರಿಗಾದ ಶಿಕ್ಷೆಯ ತೂಕವೂ ನಮಗೆ ತಿಳಿಯುವುದಿಲ್ಲ. ಗುಂಪಿನ ನಡುವೆ, ಹೊಳೆಯಲ್ಲಿ ಸಂಭವಿಸಿದ ಒಂದು ಸಾವಿಗೆ ಪ್ರಭುತ್ವ ನಾಲ್ಕು ಕೊರಳುಗಳನ್ನು ಲೆಕ್ಕ ಹಾಕಿ ತೆಗೆದುಕೊಂಡಿತು. ಈ ಅನ್ಯಾಯವನ್ನು ಸ್ಪಷ್ಟವಾಗಿ ಹೇಳಬೇಕಾದರೆ ಎಲ್ಲ ಐದು ಹೆಣಗಳನ್ನೂ ಎಣಿಸಬೇಕಾಗುತ್ತದೆ. ಸತ್ಯವನ್ನು ಕಡಿಮೆ ಮಾಡಿ ಗೌರವವನ್ನು ಹೆಚ್ಚಿಸಲಾಗದು.

6. ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಕನ್ನಡದ ಸ್ಮರಣ ಪರಂಪರೆಯಲ್ಲಿ ಹೆಸರು ಮತ್ತು ಕೊಡಗೆ ಎಂಬ ಎರಡು ಅಂಗಗಳಿದ್ದವು. ‘ಚಿರಸ್ಮರಣೆ’ ಮೊದಲನೆಯದನ್ನು ಪೂರೈಸಿತು. ಒಡೆಯನ ಅಪ್ಪಣೆಯಿಲ್ಲದೆ ಪೂರೈಸಿತು ಎಂಬುದು ಅದರ ವಿಶೇಷ. ಎರಡನೆಯದು ಸಾಹಿತ್ಯದ ಶಕ್ತಿಗೆ ಮೀರಿದ್ದು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿಯನ್ನು ಕೊನೆಗೊಳಿಸಿದ ಶಾಸನವನ್ನೂ ಕರ್ನಾಟಕದಲ್ಲಿ 1974ರ ಭೂಸುಧಾರಣಾ ತಿದ್ದುಪಡಿಯನ್ನೂ ಗೇಣಿದಾರ ಹೋರಾಟಗಳ ತಡವಾದ ನೆತ್ತರುಗೊಡಗೆಯೆಂದು ಓದುವುದು ತಪ್ಪಾಗಲಾರದು. ಆ ಕೊಡಗೆ ಎಷ್ಟು ಜನರನ್ನು ತಲುಪಿತು, ಭೂಮಿಯೇ ಇಲ್ಲದ ಕೂಲಿಯವರಿಗೆ ಅದರಲ್ಲಿ ಏನು ದಕ್ಕಿತು ಎಂಬ ಪ್ರಶ್ನೆಗಳನ್ನು ಕೇಳುವುದೂ ಹುತಾತ್ಮರನ್ನು ನೆನೆಯುವ ಒಂದು ಬಗೆಯೇ. ವರ್ಷಕ್ಕೊಮ್ಮೆ ಮಾಲೆ ಹಾಕುವ ಗೌರವಕ್ಕಿಂತ ಈ ಪ್ರಶ್ನೆಯ ಗೌರವ ಕಠಿಣವಾದುದು.

ನಿರಂಜನರು ತಮ್ಮ ಮಗಳಿಗೆ ತೇಜಸ್ವಿನಿ ಎಂದು ಕಯ್ಯೂರಿನ ಹೊಳೆಯ ಹೆಸರನ್ನಿಟ್ಟರು. ಆ ಹೊಳೆಯ ದಡದಲ್ಲಿ ಅಪ್ಪು, ಚಿರುಕಂಡರು ಬೆಳೆದರು. ಅದೇ ಹೊಳೆಯಲ್ಲಿ ಪೇದೆ ಸುಬ್ಬರಾಯ ಮುಳುಗಿದ. ಹೊಳೆಯ ಹೆಸರನ್ನು ನೆನೆಯುವಾಗ ಎರಡನ್ನೂ ಒಟ್ಟಿಗೆ ನೆನೆಯಲು ಕಲಿಯುವುದು, ಈ ಕೃತಿಯನ್ನು ಇಂದು ಓದುವ ಮತ್ತು ತರಗತಿಯಲ್ಲಿ ಪಾಠ ಹೇಳುವ ನಮ್ಮೆಲ್ಲರ ಮುಂದಿರುವ ಹೊಣೆಯಾಗಿದೆ.