ವಾಟ್ಸ್‌ಆ್ಯಪ್‌ನಲ್ಲಿ ಬೇಡಿ ತೊಡಿಸಲಾಗದು

2024ರ ಅಕ್ಟೋಬರ್‌ನ ‘ಮನ್ ಕಿ ಬಾತ್’ ಕೇಳಿದವರಿಗೆ ವಿಜಯಪುರದ ನಾಗರಿಕರೊಬ್ಬರ ದನಿ ನೆನಪಿರಬಹುದು. ಅಧಿಕಾರಿಯೆಂದು ಹೇಳಿಕೊಂಡು ವಿಡಿಯೊ ಕರೆ ಮಾಡಿದ ವಂಚಕನ ಮಾತನ್ನು ಅವರು ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. ಪ್ರಧಾನಿ ಅದನ್ನೇ ದೇಶಕ್ಕೆಲ್ಲ ಕೇಳಿಸಿದರು.

ಆ ಧೈರ್ಯ ಎಲ್ಲರಿಗೂ ಬರುವುದಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾರೆ ಎಂದುಕೊಳ್ಳಿ. ಫೋನ್ ಬರುತ್ತದೆ: ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ.’ ಸ್ವಲ್ಪ ಹೊತ್ತಿಗೇ ಪರದೆಯ ಮೇಲೆ ಖಾಕಿ ಅಂಗಿ, ಅದರ ಹಿಂದೆ ಠಾಣೆಯಂತೆ ಕಾಣುವ ಗೋಡೆ. ‘ಬಾಗಿಲು ಹಾಕಿ. ಕ್ಯಾಮೆರಾ ಆಫ್ ಮಾಡಬೇಡಿ. ಹೆಂಡತಿಗೂ ಹೇಳಬೇಡಿ.’ ಆಮೇಲೆ ಠೇವಣಿ ಮುರಿಸಿ, ‘ಪರಿಶೀಲನೆ’ಯ ಹೆಸರಲ್ಲಿ ಹಣ ಹಾಕಿಸಿಕೊಳ್ಳುತ್ತಾರೆ. ಡಿಜಿಟಲ್ ಅರೆಸ್ಟ್ ಅನ್ನುವುದು ಇದನ್ನೇ.

ಇಂಥದೊಂದು ಬಂಧನ ನಮ್ಮ ಯಾವ ಕಾನೂನಿನಲ್ಲೂ ಇಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ಬಂಧಿಸಲು ಬಂದ ಪೊಲೀಸರ ಹೆಸರು ಎದ್ದು ಕಾಣುವಂತಿರಬೇಕು. ಬಂಧನದ ಮೆಮೊ ಬರೆಯಬೇಕು. ಅದಕ್ಕೆ ಮನೆಯವರೊಬ್ಬರೋ ಆ ಪ್ರದೇಶದ ಗೌರವಸ್ಥರೊಬ್ಬರೋ ಸಾಕ್ಷಿಯಾಗಬೇಕು, ಬಂಧಿತರೂ ಸಹಿ ಮಾಡಬೇಕು. ಕಾನೂನೇ ಮನೆಯವರನ್ನು ಸಾಕ್ಷಿಗೆ ಕರೆಯುವಾಗ, ಮನೆಯವರಿಂದ ಮುಚ್ಚಿಡಿ ಅನ್ನುವವನು ಪೊಲೀಸ್ ಆಗಿರಲು ಹೇಗೆ ಸಾಧ್ಯ? ವಿಚಾರಣೆಗೆ ಕರೆಯುವ 35ನೇ ಕಲಮಿನ ನೋಟಿಸನ್ನೂ ವಾಟ್ಸ್‌ಆ್ಯಪ್‌ನಲ್ಲಿ ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ.

ಹಣ ಹೋಗಿಬಿಟ್ಟಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಅಳು ಆಮೇಲೆ. ವಂಚಕರು ಹಣವನ್ನು ಒಂದು ಖಾತೆಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ. ನಿಮಿಷಗಳಲ್ಲಿ ಹತ್ತಾರು ಖಾತೆಗಳಿಗೆ ಹಂಚಿ ಡ್ರಾ ಮಾಡಿಕೊಳ್ಳುತ್ತಾರೆ. ಕರೆ ಬೇಗ ಹೋದಷ್ಟೂ ಆ ಖಾತೆಗಳಲ್ಲಿ ಉಳಿದ ಹಣವನ್ನು ತಡೆಹಿಡಿಸುವ ಅವಕಾಶ ಹೆಚ್ಚು. ಹಣ ಕಳಿಸಿದ ಸಮಯ, ಮೊತ್ತ, ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ಚಾಟ್ ಅಳಿಸಬಾರದು. ನಾಚಿಕೆಯಿಂದ ಅಳಿಸಿಬಿಡುವವರು ಬಹಳ, ಆದರೆ ಇರುವ ಸಾಕ್ಷ್ಯ ಅದೇ.

ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಠಾಣೆ ದೂರವಾದರೆ ಹತ್ತಿರದ ಯಾವ ಠಾಣೆಗಾದರೂ ಹೋಗಬಹುದು. ‘ಇದು ನಮ್ಮ ಸರಹದ್ದಲ್ಲ’ ಎಂದು ವಾಪಸು ಕಳಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಡಿ ಜೀರೊ ಎಫ್‌ಐಆರ್ ದಾಖಲಿಸಬೇಕು, ಅದರ ಪ್ರತಿಯನ್ನು ದೂರುದಾರರಿಗೆ ಪುಕ್ಕಟೆ ಕೊಡಬೇಕು. ನಿರಾಕರಿಸಿದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಬಹುದು. ಅಲ್ಲೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿಕೊಳ್ಳಬಹುದು.

ಬ್ಯಾಂಕಿಗೂ ಅದೇ ದಿನ ಲಿಖಿತವಾಗಿ ತಿಳಿಸಬೇಕು. ಗ್ರಾಹಕರ ಅಜಾಗರೂಕತೆಯಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು, ತಿಳಿಸಿದ ಮೇಲಿನದು ಬ್ಯಾಂಕಿನದು ಎಂದಿತ್ತು ಅನಧಿಕೃತ ವಹಿವಾಟುಗಳ ಬಗೆಗಿನ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ. ಬ್ಯಾಂಕು 30 ದಿನ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರಬಹುದು. ತಡೆಹಿಡಿದ ಹಣವನ್ನು ಕೋರ್ಟಿನ ಆದೇಶ ಪಡೆದು ಬಿಡಿಸಿಕೊಳ್ಳುವಾಗಲೂ 1930ರಲ್ಲಿ ಕೊಟ್ಟ ದೂರಿನ ಸಂಖ್ಯೆ ಬೇಕಾಗುತ್ತದೆ. ಅದನ್ನು ಕಾಗದದ ಮೇಲೆ ಬರೆದು ಪಾಸ್‌ಬುಕ್ಕಿನೊಳಗೆ ಇಟ್ಟುಕೊಳ್ಳಬೇಕು.