ಮೊಟ್ಟೆ ಬೇಡ ಸರಿ, ಬೇಳೆ ಎಲ್ಲಿ?

ಪ್ರಶ್ನೆ: ಮೇಡಂ, ನಾವು ಭಟ್ಕಳದ ಹತ್ತಿರ ಹೆಬಳೆಯವರು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಮಗಳಿಗೆ ಎಂಟು ವರ್ಷ, ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ. ಎತ್ತರ 120 ಸೆಂ.ಮೀ., ತೂಕ 21 ಕೆ.ಜಿ. ಹೋದ ವರ್ಷ ಶಾಲೆಯಲ್ಲಿ ಅಳೆದಾಗ 115 ಇದ್ದಳು. ಅಕ್ಕಪಕ್ಕದವರೆಲ್ಲ ಮೀನು ತಿನ್ನುವವರು, ಅವರ ಮಕ್ಕಳು ಇವಳಿಗಿಂತ ಗಟ್ಟಿಯಾಗಿ ಕಾಣುತ್ತಾರೆ. ‘ಬರೀ ಸೊಪ್ಪು ಮಜ್ಜಿಗೆ ಹಾಕಿದರೆ ಹುಡುಗಿ ಬೆಳೆಯುವುದು ಹೇಗೆ’ ಎಂದು ಪಕ್ಕದ ಮನೆಯ ಅಕ್ಕ ಕೇಳುತ್ತಾರೆ. ಬೆಂಗಳೂರಿನಲ್ಲಿರುವ ಯಜಮಾನರು ಹೆದರಿ ಎರಡು ಡಬ್ಬಿ ಪ್ರೋಟೀನ್ ಪುಡಿ ಕಳಿಸಿದ್ದಾರೆ. ಅತ್ತೆಯವರು ‘ನಾವೆಲ್ಲ ಗಂಜಿ ತಂಬುಳಿಯಲ್ಲೇ ಬೆಳೆದವರು’ ಎನ್ನುತ್ತಾರೆ. ಬೆಳಿಗ್ಗೆ ದೋಸೆ ಚಟ್ನಿ, ಮಧ್ಯಾಹ್ನ ಶಾಲೆಯ ಊಟ, ಸಂಜೆ ಚಾ ಬಿಸ್ಕತ್ತು, ರಾತ್ರಿ ಅನ್ನ ತಂಬುಳಿ ಅಥವಾ ಗಂಜಿ ಉಪ್ಪಿನಕಾಯಿ, ಇದು ಅವಳ ದಿನ. ಹೋದ ತಿಂಗಳು ಶಾಲೆಯಲ್ಲಿ ಬಾಳೆಹಣ್ಣು ಗೆಳತಿಗೆ ಕೊಟ್ಟು, ಅವಳ ಮೊಟ್ಟೆ ತಿಂದು ಬಂದಳು. ಮನೆಯಲ್ಲಿ ದೊಡ್ಡ ರಗಳೆಯಾಯಿತು. ಸಿಟ್ಟಿನಲ್ಲಿ ನಾನೂ ಒಂದೇಟು ಕೊಟ್ಟೆ. ಸಸ್ಯಾಹಾರದಲ್ಲೇ ಮಗು ಸರಿಯಾಗಿ ಬೆಳೆಯುತ್ತದೆಯೇ? ಅಥವಾ ನಮ್ಮ ಹಟಕ್ಕೆ ಅವಳಿಗೆ ಅನ್ಯಾಯವಾಗುತ್ತಿದೆಯೇ?

— ಹೆಸರು ಬೇಡ, ಹೆಬಳೆ

ಉತ್ತರ: ತಂಗೀ, ಮೊದಲು ನೀವೇ ಬರೆದ ಅಂಕಿಗಳನ್ನು ನೋಡೋಣ. ಐದರಿಂದ ಹತ್ತು ವರ್ಷದ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ, ಎರಡು ಮೂರು ಕೆ.ಜಿ. ತೂಕ ಏರುತ್ತಾರೆ. ನಿಮ್ಮ ಮಗಳು ಐದು ಸೆಂ.ಮೀ. ಬೆಳೆದಿದ್ದಾಳೆ. ಈ ವಯಸ್ಸಿನ ಹುಡುಗಿಯರ ಬೆಳವಣಿಗೆ ಪಟ್ಟಿಯಲ್ಲಿ 120 ಸೆಂ.ಮೀ., 21 ಕೆ.ಜಿ. ಎರಡೂ ಸಹಜದ ಗೆರೆಗಳ ಒಳಗೇ ಬರುತ್ತವೆ. ಪಕ್ಕದ ಮನೆಯ ಹುಡುಗನ ಪಕ್ಕ ನಿಲ್ಲಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಅವನ ಅಪ್ಪ ಅಮ್ಮನ ಎತ್ತರ ಬೇರೆ, ನಿಮ್ಮದು ಬೇರೆ. ಆರು ತಿಂಗಳಿಗೊಮ್ಮೆ ಅವಳನ್ನು ಅವಳದೇ ಹಳೆಯ ಅಳತೆಯೊಂದಿಗೆ ಹೋಲಿಸಿ.

ಇನ್ನು ಮೀನಿನ ಮಾತು. ಬಂಗಡೆ, ತಾರ್ಲೆ ಒಳ್ಳೆಯ ಆಹಾರವೇ. ಅವುಗಳ ಪ್ರೋಟೀನು, ಬಿ12, ಕೊಬ್ಬಿನಾಮ್ಲಗಳ ಬಗ್ಗೆ ನಾನು ತಕರಾರು ಎತ್ತುವುದಿಲ್ಲ. ಆದರೆ ಮೀನು ತಿಂದವರೆಲ್ಲ ಗಟ್ಟಿ, ತಿನ್ನದವರೆಲ್ಲ ಸೊರಗಿದವರು ಎಂಬ ಲೆಕ್ಕ ನಿಲ್ಲುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5 ಮಂದಿಗೆ ರಕ್ತಹೀನತೆ ಇತ್ತು. ನಮ್ಮ ರಾಜ್ಯದಲ್ಲಿ ಪೂರ್ತಿ ಸಸ್ಯಾಹಾರಿಗಳು ಐದರಲ್ಲೊಂದು ಪಾಲು. ಅಂದರೆ ಮೀನು ಮಾಂಸ ತಿನ್ನುವ ಮನೆಗಳ ಮಕ್ಕಳೂ ಆ ಲೆಕ್ಕದಲ್ಲಿ ಧಾರಾಳವಾಗಿ ಇದ್ದಾರೆ. ವಾರಕ್ಕೊಮ್ಮೆ ಒಂದು ತುಂಡು ಮೀನು, ಉಳಿದ ಆರು ದಿನ ಅನ್ನದ ಮೇಲೆ ಬರೀ ಸಾರು ಎಂಬ ಮನೆಗಳು ನಮ್ಮ ಕರಾವಳಿಯಲ್ಲಿ ಕಡಿಮೆಯೇನಿಲ್ಲ. ಆ ಅಕ್ಕನಿಗೆ ಇದನ್ನು ಹೇಳಿ ಜಗಳಕ್ಕೆ ನಿಲ್ಲಬೇಡಿ, ನಿಮ್ಮ ಸಮಾಧಾನಕ್ಕೆ ಹೇಳಿದೆ.

ಹಾಗಾದರೆ ಸಸ್ಯಾಹಾರ ಸಾಕೇ? ಸಾಕು. ಆದರೆ ನಿಮ್ಮ ಪತ್ರದಲ್ಲಿರುವ ಊಟ ಸಾಲದು. ಇವೆರಡೂ ಬೇರೆ ಬೇರೆ ಮಾತು.

ಇನ್ನೊಮ್ಮೆ ಓದಿ ನೋಡಿ. ದೋಸೆ, ಅನ್ನ, ಗಂಜಿ, ಬಿಸ್ಕತ್ತು. ಬೆಳಗಿನಿಂದ ರಾತ್ರಿಯವರೆಗೆ ಅಕ್ಕಿ ಮತ್ತು ಮೈದಾ. ದೋಸೆಗೆ ಹಾಕಿದ ಉದ್ದು ಬಿಟ್ಟರೆ ಮನೆಯ ತಟ್ಟೆಯಲ್ಲಿ ಬೇಳೆ ಕಾಳು ಎಲ್ಲೂ ಇಲ್ಲ. ಹಾಲಿನ ಹೆಸರನ್ನೂ ನೀವು ಬರೆದಿಲ್ಲ, ಚಾದಲ್ಲಿ ಬಿದ್ದಷ್ಟೇ ಇರಬೇಕು. ಒಂದೆಲಗದ ತಂಬುಳಿ ನನಗೂ ಪ್ರಾಣ, ಎರಡು ಸಲ ಬಡಿಸಿಕೊಳ್ಳುತ್ತೇನೆ. ಆದರೆ ಅದರಲ್ಲಿರುವುದು ಒಂದು ಹಿಡಿ ಸೊಪ್ಪು, ಸ್ವಲ್ಪ ಕಾಯಿತುರಿ, ನೀರು ಮಾಡಿದ ಮಜ್ಜಿಗೆ. ನಾಲ್ಕು ಜನಕ್ಕೆ ಹಂಚಿದ ಮೇಲೆ ಮಗುವಿನ ಪಾಲಿಗೆ ಬರುವ ಪ್ರೋಟೀನು ಒಂದೆರಡು ಗ್ರಾಂ ಮಾತ್ರ. ಬೇಸಗೆಗೆ ತಂಪು, ಬಾಯಿಗೆ ರುಚಿ. ಅದು ಹುಳಿಯ ಪಕ್ಕದಲ್ಲಿರಬೇಕಾದ ಪದಾರ್ಥ, ಹುಳಿಯ ಜಾಗದಲ್ಲಿ ಅಲ್ಲ. ಗಂಜಿಗೂ ಇದೇ ಮಾತು. ಮುಕ್ಕಾಲು ಪಾಲು ನೀರಾದ ಗಂಜಿಯಿಂದ ಮಗುವಿನ ಸಣ್ಣ ಹೊಟ್ಟೆ ಬೇಗ ತುಂಬುತ್ತದೆ, ಶಕ್ತಿ ಅಷ್ಟು ಸೇರುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣದಂತೆ ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ 23 ಗ್ರಾಂ ಪ್ರೋಟೀನು ಬೇಕು. ನೂರು ಗ್ರಾಂ ಅಕ್ಕಿಯಲ್ಲೇ ಏಳೆಂಟು ಗ್ರಾಂ ಇರುವುದರಿಂದ ಬರೀ ಅಕ್ಕಿ ತಿಂದರೂ ಲೆಕ್ಕ ಹತ್ತಿರಕ್ಕೆ ಬಂದಂತೆ ಕಾಣುತ್ತದೆ. ಮೋಸವಿರುವುದು ಅಲ್ಲೇ. ಅಕ್ಕಿಯ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ಕಡಿಮೆ, ಅದಿಲ್ಲದೆ ಉಳಿದದ್ದೂ ಮೈಗೆ ಪೂರ್ತಿ ಹತ್ತುವುದಿಲ್ಲ. ಬೇಳೆಯಲ್ಲಿ ಲೈಸೀನ್ ಧಾರಾಳ. ಅದರಲ್ಲಿ ಕಡಿಮೆ ಇರುವ ಮೆಥಿಯೋನಿನ್ ಅಕ್ಕಿಯಲ್ಲಿದೆ. ಆದ್ದರಿಂದಲೇ ಆ ಸಂಸ್ಥೆ ಧಾನ್ಯ ಮೂರು ಪಾಲು, ಬೇಳೆ ಒಂದು ಪಾಲು, ಹಾಲು ಎರಡೂವರೆ ಪಾಲು ಎಂಬ ಅಳತೆ ಹೇಳುತ್ತದೆ. ಮಗು ದಿನಕ್ಕೆ 150 ಗ್ರಾಂ ಅಕ್ಕಿ ತಿಂದರೆ 50 ಗ್ರಾಂ ಬೇಳೆ ಕಾಳು, ಒಂದು ಲೋಟ ಹಾಲು ಮೊಸರಾದರೂ ಜೊತೆಗಿರಬೇಕು. ನಿಮ್ಮ ಕೈಯಲ್ಲಿ ಸಣ್ಣ ಎರಡು ಹಿಡಿ ಬೇಳೆ, ಅಷ್ಟೇ.

ಅದರಲ್ಲಿ ಸ್ವಲ್ಪ ಶಾಲೆಯಲ್ಲೇ ಸಿಗುತ್ತಿದೆ. ಮಧ್ಯಾಹ್ನದ ಬಿಸಿಯೂಟದ ನಿಯಮದಂತೆ ಪ್ರಾಥಮಿಕ ಶಾಲೆಯ ಒಂದು ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಹಾಕಬೇಕು, ಆ ಊಟದಿಂದ 12 ಗ್ರಾಂ ಪ್ರೋಟೀನು ಸಿಗಬೇಕು. ಜೊತೆಗೆ 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯ 150 ಮಿ.ಲೀ. ಹಾಲು. ಅವಳು ಆ ಹಾಲು ಕುಡಿಯುತ್ತಾಳೋ, ‘ಪುಡಿ ವಾಸನೆ’ ಎಂದು ಗಿಡದ ಬುಡಕ್ಕೆ ಚೆಲ್ಲುತ್ತಾಳೋ, ನಯವಾಗಿ ವಿಚಾರಿಸಿ. ಹೀಗೆ ಶಾಲೆಯಿರುವ ದಿನ ನಿಮ್ಮ ಮಗಳು ಅರ್ಧದಷ್ಟನ್ನು ಹೊರಗೇ ಪಡೆಯುತ್ತಾಳೆ. ನನಗೆ ಚಿಂತೆ ರಜೆಯ ದಿನಗಳದು. ಭಾನುವಾರ, ದಸರೆ, ಜುಲೈ ಮಳೆಗೆ ಜಿಲ್ಲಾಡಳಿತ ಕೊಡುವ ರಜೆ, ಏಪ್ರಿಲ್ ಮೇ ತಿಂಗಳ ಬೇಸಗೆ ರಜೆ. ಆಗೆಲ್ಲ ಮೂರು ಹೊತ್ತೂ ಮನೆಯದೇ ಊಟ, ಮನೆಯಲ್ಲಿ ಬೇಳೆಯಿಲ್ಲ. ನೀವು ಬದಲಿಸಬೇಕಾದದ್ದು ಈ ದಿನಗಳನ್ನು.

ಏನು ಮಾಡಬಹುದು? ಹೊಸ ಅಡುಗೆ ಕಲಿಯಬೇಕಿಲ್ಲ. ರಾತ್ರಿ ಗಂಜಿಯೇ ಆಗಬೇಕೆಂದರೆ ಅಕ್ಕಿಯ ಜೊತೆ ಒಂದು ಹಿಡಿ ಹೆಸರುಕಾಳು ಹಾಕಿ ಬೇಯಿಸಿ, ಮೇಲೊಂದು ಚಮಚ ತುಪ್ಪ ಬಿಡಿ. ಹುರುಳಿ ಸಾರು, ಅಳಸಂದೆ ಹಾಕಿದ ಬಸಳೆ ಹುಳಿ ವಾರಕ್ಕೆ ಮೂರ್ನಾಲ್ಕು ಸಲವಾದರೂ ಆಗಲಿ, ಅವಳ ಬಟ್ಟಲಿಗೆ ತಿಳಿಯನ್ನಲ್ಲ, ತಳದ ಕಾಳನ್ನು ಹಾಕಿ. ದೋಸೆಯ ಚಟ್ನಿಗೆ ಕಾಯಿಯನ್ನು ಅರ್ಧ ಕಡಿಮೆ ಮಾಡಿ ಹುರಿದ ಶೇಂಗಾ ಸೇರಿಸಿ. ಭತ್ತ ಕೊಯ್ದ ಮೇಲೆ ನಮ್ಮ ಕರಾವಳಿಯ ಗದ್ದೆಗಳಲ್ಲೇ ಶೇಂಗಾ ಬೆಳೆಯುತ್ತಾರೆ, ಬೆಂಗಳೂರಿನಿಂದ ಡಬ್ಬಿ ತರಿಸುವ ಅಗತ್ಯವೇ ಇಲ್ಲ. ಸಂಜೆಯ ಚಾ ಬಿಸ್ಕತ್ತು ನಿಲ್ಲಿಸಿ, ಬೇಯಿಸಿದ ಶೇಂಗಾ ಅಥವಾ ಎಳ್ಳುಂಡೆ, ಒಂದು ಲೋಟ ಹಾಲು ಕೊಡಿ. ಇದೊಂದೇ ಬದಲಾವಣೆಯಿಂದ ದಿನಕ್ಕೆ ಹತ್ತು ಗ್ರಾಮಿನಷ್ಟು ಪ್ರೋಟೀನು ಹೆಚ್ಚುತ್ತದೆ. ಸುಣ್ಣದಂಶ ಅವಳಿಗೆ ದಿನಕ್ಕೆ 650 ಮಿ.ಗ್ರಾಂ ಬೇಕು. ಮನೆಯದೂ ಶಾಲೆಯದೂ ಸೇರಿ ಎರಡು ಲೋಟ ಹಾಲಿನಲ್ಲಿ ಅದರ ಮುಕ್ಕಾಲು ಪಾಲಿನ ಹತ್ತಿರ ಬರುತ್ತದೆ, ಉಳಿದದ್ದು ರಾಗಿ, ಎಳ್ಳು, ಸೊಪ್ಪಿನಿಂದ.

ಚಾ ಬಿಡಿಸಿ ಎಂದದ್ದಕ್ಕೆ ಇನ್ನೊಂದು ಕಾರಣವಿದೆ. ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣ ಮೀನು ಮಾಂಸದ ಕಬ್ಬಿಣದಷ್ಟು ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ, ಮೇಲೆ ಚಾ ಕುಡಿದರೆ ಅದನ್ನೂ ತಡೆದಂತೆ. ನಿಂಬೆಹುಳಿ, ನೆಲ್ಲಿಕಾಯಿ, ಪೇರಲೆ ಊಟದ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಬೆಲ್ಲದಲ್ಲಿ ಬಹಳ ಕಬ್ಬಿಣವಿದೆ ಎಂದು ನಂಬಿ ಕೂರಬೇಡಿ. ಎಂಟು ವರ್ಷದವಳಿಗೆ ದಿನಕ್ಕೆ 15 ಮಿ.ಗ್ರಾಂ ಕಬ್ಬಿಣ ಬೇಕು, ಅಷ್ಟನ್ನು ಬರೀ ಊಟದಿಂದ ತುಂಬಿಸುವುದು ಯಾವ ಮನೆಗೂ ಸುಲಭವಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಗುಲಾಬಿ ಬಣ್ಣದ ಕಬ್ಬಿಣದ ಮಾತ್ರೆಯನ್ನು, ಜಂತುಹುಳು ನಿವಾರಣಾ ದಿನದ ಮಾತ್ರೆಯನ್ನು ‘ಬೇಡ, ಹೊಟ್ಟೆ ಕೆಡುತ್ತದೆ’ ಎಂದು ತಪ್ಪಿಸಬೇಡಿ.

ಈಗ ಸಸ್ಯಾಹಾರದ ನಿಜವಾದ ಕೊರತೆಗೆ ಬರುತ್ತೇನೆ. ಅದು ಪ್ರೋಟೀನಲ್ಲ, ಬಿ12. ನರಗಳಿಗೆ, ರಕ್ತಕ್ಕೆ ಬೇಕಾದ ಈ ವಿಟಮಿನ್ ಯಾವ ಸೊಪ್ಪಿನಲ್ಲೂ ಕಾಳಿನಲ್ಲೂ ಹಣ್ಣಿನಲ್ಲೂ ಇಲ್ಲ. ಇಡ್ಲಿ ಹಿಟ್ಟು ಹುಳಿ ಬಂದರೆ ಸಿಗುತ್ತದೆ, ಸ್ಪಿರುಲಿನಾದಲ್ಲಿದೆ ಎಂದು ಮೊಬೈಲಿನಲ್ಲಿ ಬರುವುದನ್ನು ನಂಬಿಕೊಂಡರೆ ಕೆಲಸ ಕೆಡುತ್ತದೆ. ಮೊಟ್ಟೆ ತಿನ್ನದ ಮನೆಯ ಊಟದಲ್ಲಿ ಉಳಿದಿರುವ ಮುಖ್ಯ ದಾರಿ ಹಾಲು, ಮೊಸರು, ಪನೀರು. ದಿನಕ್ಕೆ 400–500 ಮಿ.ಲೀ. ಹೊಟ್ಟೆಗೆ ಹೋದರೆ ಈ ವಯಸ್ಸಿಗೆ ಬಹುಮಟ್ಟಿಗೆ ನಡೆಯುತ್ತದೆ. ನೀರುಮಜ್ಜಿಗೆ ಇಲ್ಲಿ ಲೆಕ್ಕಕ್ಕಿಲ್ಲ. 2016ರಿಂದ 18ರವರೆಗೆ ದೇಶದಾದ್ಯಂತ ನಡೆದ ಮಕ್ಕಳ ಪೋಷಣೆಯ ಸಮಗ್ರ ಸಮೀಕ್ಷೆಯಲ್ಲಿ ಐದರಿಂದ ಒಂಬತ್ತು ವರ್ಷದವರಲ್ಲಿ ಶೇಕಡಾ 17, ಹತ್ತರಿಂದ ಹತ್ತೊಂಬತ್ತರವರಲ್ಲಿ ಶೇಕಡಾ 31 ಮಂದಿಗೆ ಬಿ12 ಕೊರತೆ ಕಂಡಿತ್ತು. ಅಂದರೆ ಮಗಳು ದೊಡ್ಡವಳಾಗುವ ಹೊತ್ತಿಗೆ ಅಪಾಯ ಹೆಚ್ಚುತ್ತದೆ. ಸುಸ್ತು, ಬಾಯಿಹುಣ್ಣು, ನಾಲಿಗೆ ಕೆಂಪಾಗಿ ನುಣುಪಾಗುವುದು, ಕೈಕಾಲು ಜುಮುಗುಟ್ಟುವುದು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಇದರ ಲಕ್ಷಣಗಳಾಗಿರಬಹುದು. ಎಷ್ಟೋ ಮಕ್ಕಳಲ್ಲಿ ಏನೂ ಕಾಣುವುದೂ ಇಲ್ಲ.

ಅತ್ತೆಯವರ ಮಾತಿಗೂ ಉತ್ತರ ಇಲ್ಲೇ ಇದೆ. ಅವರು ಹೇಳುವುದು ಸುಳ್ಳಲ್ಲ. ಆದರೆ ಅವರ ಕಾಲದ ಗಂಜಿಯ ಹಿಂದೆ ಕೊಟ್ಟಿಗೆ ಇತ್ತು. ಗಟ್ಟಿ ಮೊಸರು, ಕಡೆದ ಬೆಣ್ಣೆ ಮಕ್ಕಳ ಬಾಯಿಗೆ ಬೀಳುತ್ತಿತ್ತು. ಇಂದು ಅರ್ಧ ಲೀಟರ್ ಪ್ಯಾಕೆಟ್ಟು ಬರುತ್ತದೆ, ಅದರಲ್ಲೇ ಬೆಳಗಿನ ಚಾ, ಬಂದವರಿಗೆ ಆಸರಿ, ಉಳಿದರೆ ಹೆಪ್ಪು. ಊಟದ ಹೆಸರು ಅದೇ ಇದೆ, ಊಟ ಬದಲಾಗಿದೆ. ಇನ್ನೊಂದು ಮಾತನ್ನು ಅವರೆದುರು ಹೇಳಬೇಡಿ, ನೀವು ತಿಳಿದಿರಿ: ಆ ಕಾಲದಲ್ಲಿ ಎಂಟು ಹೆತ್ತು ಐದು ಉಳಿಸಿಕೊಂಡ ಮನೆಗಳಿದ್ದವು. ‘ನಾವೆಲ್ಲ ಬೆಳೆದೆವು’ ಎಂದು ಹೇಳಲು ಉಳಿದಿರುವವರು ಬೆಳೆದವರು ಮಾತ್ರ.

ಪುಡಿ ಡಬ್ಬಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂಬದಿಯ ಸಣ್ಣ ಅಕ್ಷರದಲ್ಲಿ ಸಕ್ಕರೆ ಎಷ್ಟೆಂದು ಓದಿ. 2024ರ ಏಪ್ರಿಲಿನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ಪಟ್ಟಿಯಿಂದ ತೆಗೆಯಿರಿ ಎಂದು ಆನ್‌ಲೈನ್ ಅಂಗಡಿಗಳಿಗೆ ಹೇಳಬೇಕಾಯಿತು. ಆ ದುಡ್ಡಿಗೆ ದಿನವೂ ಇನ್ನರ್ಧ ಲೀಟರ್ ಹಾಲು ಹಾಕಿಸಿ ಎಂದು ಯಜಮಾನರಿಗೆ ಹೇಳಿ.

ಕೊನೆಗೆ ಆ ಮೊಟ್ಟೆ. ಕರ್ನಾಟಕದಲ್ಲಿ ಇದು ನಿಮ್ಮ ಮನೆಯ ರಗಳೆ ಮಾತ್ರವಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರದಲ್ಲಿ ಶಾಲೆಗಳಿಗೆ ಮೊಟ್ಟೆ ಬಂದಾಗ ಮಠಾಧೀಶರು ವಿರೋಧಿಸಿದರು, ಮಕ್ಕಳು ‘ನಮಗೆ ಬೇಕು’ ಎಂದರು. ಮರುವರ್ಷ ಅದು ಇಡೀ ರಾಜ್ಯಕ್ಕೆ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಲ್ಲಿ ವಾರಕ್ಕೆ ಆರು ದಿನವೂ ಕೊಡುವ ಏರ್ಪಾಡಾಯಿತು. ಬೇಡವೆಂದವರಿಗೆ ಬಾಳೆಹಣ್ಣು. ನನ್ನ ತಕರಾರು ಈ ಬದಲಿಯ ಮೇಲೆ. ಒಂದು ಮೊಟ್ಟೆಯಲ್ಲಿ ಆರೇಳು ಗ್ರಾಂ ಪ್ರೋಟೀನು, ಜೊತೆಗೆ ಬಿ12. ಬಾಳೆಹಣ್ಣಿನಲ್ಲಿ ಪ್ರೋಟೀನು ಒಂದು ಗ್ರಾಮಿನ ಆಸುಪಾಸು, ಬಿ12 ಸೊನ್ನೆ. ಹಣ್ಣು ಒಳ್ಳೆಯದೇ, ಆದರೆ ಅದನ್ನು ತಿಂದು ಬಂದ ಮಗುವಿಗೆ ಮೊಟ್ಟೆಯಿಂದ ಸಿಗುವುದು ಸಿಕ್ಕಿಲ್ಲ ಎಂಬುದು ಮನೆಯವರಿಗೆ ಗೊತ್ತಿರಬೇಕು. ಆ ಅಂತರವನ್ನು ಸಂಜೆಯ ಹಾಲು ಶೇಂಗಾ ತುಂಬಲಿ.

ಮೊಟ್ಟೆ ತಿನ್ನಬೇಕೋ ಬೇಡವೋ ಎಂಬುದನ್ನು ನಾನು ಹೇಳುವುದಿಲ್ಲ. ಅದು ನಿಮ್ಮ ಮನೆಯ ನಂಬಿಕೆ, ಪೋಷಣೆಯ ಲೆಕ್ಕದಲ್ಲಿ ಅದಿಲ್ಲದೆಯೂ ನಡೆಯುತ್ತದೆ. ಆದರೆ ಹೊಡೆದದ್ದು ಸರಿಯಲ್ಲ. ಗೆಳತಿಯ ತಟ್ಟೆಯಿಂದ ತಿನ್ನುವುದು ಎಂಟು ವರ್ಷದವರ ಸಹಜ ಕುತೂಹಲ. ಅವಳನ್ನು ಹತ್ತಿರ ಕೂರಿಸಿಕೊಂಡು ‘ನಮ್ಮ ಮನೆಯಲ್ಲಿ ತಿನ್ನುವುದಿಲ್ಲ, ಅವರ ಮನೆಯಲ್ಲಿ ತಿನ್ನುತ್ತಾರೆ, ಎರಡೂ ತಪ್ಪಲ್ಲ’ ಎಂದಷ್ಟೇ ಹೇಳಿ. ಗೆಳತಿಯ ಊಟ ಹೊಲಸು ಎಂಬ ಮಾತು ಅತ್ತೆಯವರ ಬಾಯಿಂದಲೂ ಅವಳ ಕಿವಿಗೆ ಬೀಳದಿರಲಿ. ದಿನವೂ ಅದೇ ಬೆಂಚಿನ ಮೇಲೆ ಕೂರಬೇಕಾದವಳು ಅವಳು. ಮುಂದೆಯೂ ಬೇಕೆಂದು ಹಟ ಹಿಡಿದರೆ ದೊಡ್ಡವರು ನಿಮ್ಮೊಳಗೆ ಮಾತಾಡಿಕೊಂಡು ಒಂದು ತೀರ್ಮಾನಕ್ಕೆ ಬನ್ನಿ. ಕದ್ದು ತಿನ್ನುವುದನ್ನು ಮಾತ್ರ ಕಲಿಸಬೇಡಿ.

ಈ ತಿಂಗಳು ಒಂದು ಕೆಲಸ ಮಾಡಿ. ಭಟ್ಕಳದ ತಾಲ್ಲೂಕು ಆಸ್ಪತ್ರೆಯಲ್ಲಿ ಅವಳ ಹಿಮೋಗ್ಲೋಬಿನ್ ನೋಡಿಸಿ. ಈ ವಯಸ್ಸಿಗೆ 11.5ಕ್ಕಿಂತ ಕಡಿಮೆ ಇರಬಾರದು. ಬಿ12 ಪರೀಕ್ಷೆ ಅಲ್ಲಿ ಆಗದಿದ್ದರೆ ಖಾಸಗಿ ಲ್ಯಾಬಿನಲ್ಲಿ ಮಾಡಿಸಿ, ಸಾಧ್ಯವಾದರೆ ನಿಮ್ಮದನ್ನೂ. ಮಗಳಿಗೆ ಹಾಲು ಬಗ್ಗಿಸಿ ಕೊಟ್ಟು ತಾವು ಹಾಲಿಲ್ಲದ ಕಣ್ಣ ಚಾ ಕುಡಿಯುವ ತಾಯಂದಿರನ್ನು ಬೇಕಾದಷ್ಟು ನೋಡಿದ್ದೇನೆ. ಬಿ12 ಅಂಕಿ 200ಕ್ಕಿಂತ ಕೆಳಗೆ ಬಂದರೆ ಊಟದಿಂದಲೇ ಸರಿಮಾಡುತ್ತೇನೆಂದು ಕಾಯಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ. ಮಾತ್ರೆಯಲ್ಲೋ ಇಂಜೆಕ್ಷನ್ನಿನಲ್ಲೋ ಸರಿಹೋಗುತ್ತದೆ, ದುಬಾರಿಯೂ ಅಲ್ಲ. ಆ ಮಾತ್ರೆ ಸಸ್ಯಾಹಾರವೇ ಎಂದು ಅತ್ತೆಯವರು ಕೇಳಿದರೆ, ಹೌದು ಎನ್ನಿ, ಬಿ12 ಅನ್ನು ಬ್ಯಾಕ್ಟೀರಿಯಾಗಳಿಂದ ತಯಾರಿಸುತ್ತಾರೆ. ಕ್ಯಾಪ್ಸೂಲಿನ ಹೊರಕವಚದಲ್ಲಿ ಜೆಲಟಿನ್ ಇರಬಹುದು, ಆದ್ದರಿಂದ ಗುಳಿಗೆಯ ರೂಪದಲ್ಲೇ ಬರೆದುಕೊಡಿ ಎಂದು ವೈದ್ಯರನ್ನು ಕೇಳಿ.